ಹೆಂಗಸರ ಮಾತಿನಲ್ಲಿಲ್ಲದ ಪದ

ಆ ಚೀಟಿಯನ್ನು ಮೂರನೆಯ ಸಲ ಓದಿದ ಮೇಲೆ ಅವನು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಮೂಗಿಗೇರಿಸಿ ನಾಲ್ಕನೆಯ ಸಲ ಓದಿದ. ಅಕ್ಷರಗಳು ಕದಲಲಿಲ್ಲ. ಸಂಗ್ರಾಹಕಿಯ ದುಂಡನೆಯ ಕೈಬರಹ. ಮೇಲ್ಗಡೆ ಪದ: ತುಣ್ಣೆ. ನಡುವೆ ಪ್ರಯೋಗ: ‘ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸಿ ಉಪ್ಪು ಅಂತ ಬರೀತಾನೆ, ತುಣ್ಣೆ. ನಾನೇನ್ ಕುರುಡೀನಾ?’ ಕೆಳಗೆ, ಕಚೇರಿಯ ನಿಯಮದಂತೆ ಹೆಸರಿಲ್ಲದೆ, ಆಡಿದವರ ವಿವರ: ಸ್ತ್ರೀ, ಐವತ್ತೊಂದು, ಗೃಹಿಣಿ. ಅವನ ಹೆಂಡತಿಗೆ ಐವತ್ತೊಂದು. ಅವನ ಅಡುಗೆಮನೆಯ ಹಲಗೆಯ ಮೇಲೆ ಹದಿನಾಲ್ಕು ಡಬ್ಬಿಗಳಿದ್ದವು, ಹದಿನಾಲ್ಕಕ್ಕೂ ಚೀಟಿಗಳಿದ್ದವು, ಹದಿನಾಲ್ಕೂ ಅವನ ಕೈಬರಹ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಮುಟ್ಟಿ ನೋಡಿಕೊಳ್ಳುವ ಅಗತ್ಯವೇ ಇರಲಿಲ್ಲ, ಕಾಯಿ ಹೆಗಲ ಮೇಲೇ ಕೂತಿತ್ತು.

ನಿಘಂಟು ಕಚೇರಿಯಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಸಹಸಂಪಾದಕ. ಹೊಸ ಆವೃತ್ತಿಯಲ್ಲಿ ಬೀದಿಯ ಮಾತೂ ಬರಬೇಕು, ಜನ ಆಡುವುದನ್ನು ಮುಚ್ಚಿಡುವುದು ಶಾಸ್ತ್ರವಲ್ಲ ಎಂದು ಮೇಲಿನವರು ಯಾವುದೋ ಉತ್ಸಾಹದಲ್ಲಿ ತೀರ್ಮಾನಿಸಿ, ಒಂದು ವರ್ಷದ ಗುತ್ತಿಗೆಯ ಮೇಲೆ ಆ ಸಂಗ್ರಾಹಕಿಯನ್ನು ತೆಗೆದುಕೊಂಡಿದ್ದರು. ಮೂವತ್ತೂ ತುಂಬದ ಹೆಣ್ಣು. ಬಸ್ ನಿಲ್ದಾಣ, ಗ್ಯಾರೇಜು, ಆಸ್ಪತ್ರೆಯ ಹೊರಗಿನ ಬೆಂಚು, ಎಲ್ಲೆಂದರಲ್ಲಿ ಕೂತು ಬರೆದುಕೊಂಡು ಬಂದಳು. ತ ಅಕ್ಷರ ಅವನ ಪಾಲಿನದು. ಹಾಗಾಗಿ ಈ ಪದವೂ ಅವನ ಪಾಲಿಗೆ ಬಂತು. ಬೆಳಿಗ್ಗೆ ಕಟ್ಟು ಬಿಚ್ಚಿದಾಗ ಅವನಿಗೆ ಒಂದು ಬಗೆಯ ಖುಷಿಯೇ ಆಗಿತ್ತು. ಇಪ್ಪತ್ತೊಂಬತ್ತು ಚೀಟಿಗಳು, ಎಲ್ಲವೂ ಗಂಡಸರವು. ಲಾರಿ ಚಾಲಕ, ನಲವತ್ತು: ‘ನೀನೇನ್ ತುಣ್ಣೆ ಕಿತ್ಕೊಳ್ತೀಯ.’ ಬ್ಯಾಂಕ್ ನೌಕರ, ಮೂವತ್ತಾರು: ‘ನಮ್ಮ ಮ್ಯಾನೇಜರ್ ದೊಡ್ಡ ತುಣ್ಣೆ.’ ಅಡ್ಡ ಉಲ್ಲೇಖಕ್ಕೆಂದು ಸಂಬಂಧಿಕರನ್ನೂ ಅವಳು ಜೊತೆಗೇ ಪೋಣಿಸಿದ್ದಳು: ತರಡು, ಬೀಜ, ಶಾಟ. ಗಂಡಸಿನ ಸೊಂಟದ ಕೆಳಗಿನ ಅಷ್ಟು ಸಂಸಾರವೂ ಅವನ ಮೇಜಿನ ಮೇಲೆ ಹರಡಿಕೊಂಡಿತ್ತು. ಅವನು ಒಳಗೊಳಗೇ ಹಲ್ಲು ಕಿರಿದ. ಇದೇನು ಜಾತಿಯಪ್ಪಾ ಈ ಗಂಡಸರದು. ಯಾವುದು ಇಲ್ಲದಿದ್ದರೆ ಗಂಡಸೇ ಅಲ್ಲ ಅನ್ನುತ್ತಾರೋ, ಅದರ ಹೆಸರಲ್ಲೇ ಕರೆದರೆ ಮನುಷ್ಯನೇ ಅಲ್ಲ ಅಂದ ಹಾಗೆ. ಬೀಜ ಇದ್ದವನು ಶೂರ, ತರಡು ಅನ್ನಿಸಿಕೊಂಡವನು ಹೇಡಿ. ಎರಡೂ ಒಂದೇ ಚೀಲದ ಸರಕು. ಇನ್ನು ಶಾಟಕ್ಕಂತೂ ಏನೂ ಬೆಲೆಯೇ ಇಲ್ಲ, ಲೆಕ್ಕಕ್ಕೆ ಬಾರದ ಎಲ್ಲದಕ್ಕೂ ಅದೇ ಹೆಸರು. ಇವರಿಗೆ ತಮ್ಮ ಮೈಯ ಮೇಲೇ ಇಷ್ಟು ತಾತ್ಸಾರ, ಇನ್ನು ಬೇರೆಯವರ ಮೇಲೆ ಎಷ್ಟಿರಬೇಡ ಎಂದುಕೊಂಡು, ಕೆಂಪು ಪೆನ್ನಿನಿಂದ ಬ್ಯಾಂಕ್ ನೌಕರನ ಚೀಟಿಯಲ್ಲಿ ಒಂದು ಅಲ್ಪವಿರಾಮ ತಿದ್ದಿದ. ಮೂವತ್ತನೆಯದು ಆಮೇಲೆ ಬಂತು.

ಪದ ಚುಚ್ಚಲಿಲ್ಲ, ಅಥವಾ ಚುಚ್ಚಿದ್ದು ಅದು ಎಂದು ಅವನಿಗೆ ಅನ್ನಿಸಲಿಲ್ಲ. ಚುಚ್ಚಿದ್ದು ‘ಬರೀತಾನೆ’. ಅದು. ಮೂವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಅವಳ ಬಾಯಲ್ಲಿ ಏಕವಚನ ಕೇಳಿದವನಲ್ಲ. ರೀ, ನೀವು, ಬನ್ನಿ, ಅವರು ಮನೇಲಿಲ್ಲ, ಅವರಿಗೆ ಉಪ್ಪು ಕಡಿಮೆ ಆಗ್ಬೇಕು. ಜಗಳದಲ್ಲೂ ‘ನೀವು ಸುಮ್ನಿರಿ’ ಅಂದವಳೇ ಹೊರತು ಸುಮ್ಮನಿರು ಅಂದವಳಲ್ಲ. ಆ ಬಹುವಚನವನ್ನು ಅವನು ಮನೆಯ ಗೋಡೆಯ ಹಾಗೆ, ಅದು ಇದೆ ಎಂಬುದನ್ನೇ ಮರೆತು, ಒರಗಿಕೊಂಡು ಬದುಕಿದ್ದ. ಈಗ ನೋಡಿದರೆ ಗೋಡೆಯ ಆಚೆ ಬೇರೆ ಯಾರೋ ವಾಸವಾಗಿದ್ದಾರೆ. ಅವರು ಇವನನ್ನು ‘ಅವನು’ ಅನ್ನುತ್ತಾರೆ. ಚೀಟಿಯ ತಾರೀಕು ನೋಡಿದ. ಹೋದ ತಿಂಗಳು ಅವನು ಕನ್ನಡಕ ಮರೆತು ಬಂದಿದ್ದ ದಿನ. ಅವಳು ತಂದುಕೊಡಲು ಬಂದಳು, ಅವನು ಮೇಲಿನ ಮಹಡಿಯಲ್ಲಿ ಕರಡು ನೋಡುತ್ತಿದ್ದ, ಇಳಿದು ಬಂದಾಗ ಅವಳು ಸಂಗ್ರಾಹಕಿಯ ಮೇಜಿನ ಎದುರು ಕೂತು ಎಂಥದಕ್ಕೋ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ‘ಕೊಟ್ಟು ಹೋಗೋದಕ್ಕೆ ಇಷ್ಟು ಹೊತ್ತಾ?’ ಎಂದು ಅವನು ಎಲ್ಲರೆದುರೇ ಕೇಳಿದ್ದ. ಅವಳು ನಗುವನ್ನು ನುಂಗಿ ಎದ್ದುಹೋಗಿದ್ದಳು.

ತಲೆಯೆತ್ತಿದರೆ ಸಂಗ್ರಾಹಕಿ ಅವನನ್ನೇ ನೋಡುತ್ತಿದ್ದಳು.

‘ಸಾರ್, ತ ಮುಗೀತಾ? ಮೂರು ಗಂಟೆಗೆ ಸಮಿತಿ.’

‘ಮುಗೀತಾ ಇದೆ.’

‘ಸಂದೇಹ ಏನಾದ್ರೂ ಇದ್ರೆ ಕೇಳಿ.’

‘ನನಗ್ಯಾಕಮ್ಮ ಸಂದೇಹ’ ಎಂದ. ತನ್ನ ಧ್ವನಿಯ ಸಿಡುಕು ತನಗೇ ಕೇಳಿಸಿತು. ಇವಳಿಗೆ ಗೊತ್ತು. ಕಣ್ಣಾರೆ ಕಂಡು, ಕಿವಿಯಾರೆ ಕೇಳಿ, ದುಂಡಗೆ ಬರೆದು, ಅಕಾರಾದಿಯಲ್ಲಿ ಜೋಡಿಸಿ ಇವನ ಮೇಜಿಗೇ ತಂದಿಟ್ಟಿದ್ದಾಳೆ. ಹರಿದುಹಾಕಬಹುದು. ಒಂದು ಚೀಟಿ ಹರಿದರೆ ಭಾಷೆಗೇನು ಗ್ರಹಣ ಹಿಡಿಯುವುದಿಲ್ಲ. ಆದರೆ ಇಪ್ಪತ್ತಾರು ವರ್ಷದಲ್ಲಿ ಅವನು ಒಂದು ಚೀಟಿಯನ್ನೂ ಕಳೆದವನಲ್ಲ. ಅವನ ಬಗ್ಗೆ ಹೇಳಿಕೊಳ್ಳಲು ಬೇರೆ ಏನೂ ಇರಲಿಲ್ಲ.

ಅವನು ಮೊದಲು ಬರೆದ ಚೀಟಿಗಳು ಅಪ್ಪನ ಅಂಗಡಿಯವು. ಅಪ್ಪ ದರ್ಜಿ, ಮನೆಯ ಮುಂದಿನ ಕೋಣೆಯೇ ಅಂಗಡಿ, ಪ್ಯಾಂಟು ಹೊಲಿಯುವುದರಲ್ಲಿ ಎತ್ತಿದ ಕೈ. ಗಿರಾಕಿ ಕಾಲಗಲಿಸಿ ನಿಲ್ಲುತ್ತಿದ್ದ, ಅಪ್ಪ ಅವನ ಮುಂದೆ ಮಂಡಿಯೂರಿ ಅಳತೆಪಟ್ಟಿ ಹಿಡಿದು ಸಂಖ್ಯೆ ಕೂಗುತ್ತಿದ್ದ, ಎಂಟು ವರ್ಷದ ಇವನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ. ಸೊಂಟ, ತೊಡೆ, ಒಳಗಾಲು. ಕಡೆಗೆ ಅಪ್ಪ ತಲೆಯೆತ್ತದೆ, ಧ್ವನಿ ತಗ್ಗಿಸಿ ಕೇಳುತ್ತಿದ್ದ: ‘ಎಡಕ್ಕೋ ಬಲಕ್ಕೋ?’ ಗಿರಾಕಿ ಛಾವಣಿ ನೋಡುತ್ತಾ ಒಂದು ಪದ ಗೊಣಗುತ್ತಿದ್ದ. ಇವನು ಎ ಅಂತಲೋ ಬ ಅಂತಲೋ ಬರೆಯುತ್ತಿದ್ದ. ಯಾವ ಕಾಲು ಉದ್ದ ಎಂದು ಕೇಳುತ್ತಾನೆ ಅಂದುಕೊಂಡಿದ್ದ; ಗಂಡಸಿನ ಅದು ಯಾವ ಕಡೆ ಒರಗುತ್ತದೋ ಆ ಕಡೆ ಬಟ್ಟೆ ತುಸು ಸಡಿಲ ಬಿಡಬೇಕೆಂಬುದು ಗೊತ್ತಿರಲಿಲ್ಲ. ಶಾಲೆಯಲ್ಲಿ ಯಾರ ಮುಂದೋ ಜಂಬದಿಂದ ಇದನ್ನು ಹೇಳಿದ್ದೇ ಹೇಳಿದ್ದು, ಸಂಜೆಯ ಹೊತ್ತಿಗೆ ಆಟದ ಬಯಲಿನ ತುಂಬ ಒಂದೇ ಕೂಗು. ತುಣ್ಣೆ ಟೈಲರ್, ತುಣ್ಣೆ ಟೈಲರ್, ನಿಮ್ಮಪ್ಪ ತುಣ್ಣೆ ಟೈಲರ್. ಓಡಿ ಬಂದು, ಗಿರಾಕಿ ನಿಂತಿರುವಾಗಲೇ, ಬಾಗಿಲಲ್ಲಿ ನಿಂತು ಅದನ್ನೇ ಅಪ್ಪನ ಮುಖಕ್ಕೆ ಕೂಗಿದ್ದ. ಅಪ್ಪ ಹೊಡೆಯಲಿಲ್ಲ. ಸುತ್ತಿಕೊಂಡಿದ್ದ ಪಟ್ಟಿಯನ್ನು ನಿಧಾನವಾಗಿ ಬಿಚ್ಚಿ, ‘ಬಟ್ಟೆ ಸರಿಯಾಗಿ ಕೂರ್ಬೇಕು ಅಂದ್ರೆ ಕೇಳ್ಲೇಬೇಕು ಮಗಾ’ ಎಂದ. ಅಷ್ಟೇ. ಆದರೆ ಆ ದಿನದಿಂದ ಅಪ್ಪ ಕೇಳುವುದನ್ನು ಬಿಟ್ಟ. ಎಲ್ಲರಿಗೂ ನಟ್ಟನಡುವೆ ಕತ್ತರಿಸಿದ. ಪ್ಯಾಂಟುಗಳು ಹಿಡಿಯತೊಡಗಿದವು. ಗಿರಾಕಿಗಳು ಒಬ್ಬೊಬ್ಬರೇ, ಏನೂ ಹೇಳದೆ, ಏಕೆಂದರೆ ಅದನ್ನು ಹೇಳುವುದು ಹೇಗೆ, ಎದುರು ಬೀದಿಯ ಅಂಗಡಿಗೆ ಹೋದರು. ಅಪ್ಪ ದಿಂಬಿನ ಕವಚ ಹೊಲಿಯುವವನಾದ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ತ ಅಕ್ಷರ ತನ್ನ ಪಾಲಿಗೆ ಬಂದ ದಿನವೇ ಈ ಪದಕ್ಕೆ ಎಂದೋ ಒಂದು ದಿನ ಅರ್ಥ ಬರೆಯಬೇಕಾದೀತು ಎಂದು ಹೆದರಿದ್ದ.

ಒಂದು ಗಂಟೆಗೆ ಬುತ್ತಿಯನ್ನು ಬಿಚ್ಚದೆ ಕೈಯಲ್ಲಿ ಹಿಡಿದುಕೊಂಡು ಮನೆಗೆ ನಡೆದ. ಹತ್ತು ನಿಮಿಷದ ದಾರಿ. ಬಿಸಿಲಿಗೆ ರಸ್ತೆ ಬಿಳಿಚಿಕೊಂಡಿತ್ತು. ದಾರಿಯುದ್ದಕ್ಕೂ ಆಡಬೇಕಾದ ಮಾತು ಹೊಂದಿಸಿದ, ತಿದ್ದಿದ, ಹೊಡೆದುಹಾಕಿದ. ಆಸ್ಪತ್ರೆಯ ಕಾಂಪೌಂಡು ದಾಟುವಾಗ ಕಾಲು ತಾನಾಗಿ ಬಿರುಸಾಯಿತು. ಐದು ವರ್ಷದಿಂದ ಅದು ಹಾಗೆಯೇ. ಅಪ್ಪನಿಗೆ ಮೂತ್ರದ ಕೊಳವೆ ಹಾಕಿದ ಮೇಲೆ ನರ್ಸು ಹೊರಗೆ ಬಂದು, ‘ಮಗ ಯಾರು? ಬನ್ನಿ, ದಿನಾ ಹೇಗೆ ತೊಳೀಬೇಕು ತೋರಿಸ್ತೀನಿ’ ಎಂದಿದ್ದಳು. ಇವನು ಗೋಡೆಯ ಮೇಲಿನ ಸೂಚನೆಗಳನ್ನು ಓದುತ್ತಾ ನಿಂತ. ಉಗುಳಬಾರದು. ಸದ್ದು ಮಾಡಬಾರದು. ಅದರಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು, ಎರಡನ್ನೂ ಕಂಡುಹಿಡಿದ. ತಿರುಗಿ ನೋಡುವಷ್ಟರಲ್ಲಿ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿದ್ದಳು. ಅಪ್ಪ ತೀರಿಕೊಳ್ಳುವ ತನಕ, ಮನೆಯಲ್ಲಿ, ಏಳು ತಿಂಗಳು ಅವಳೇ ತೊಳೆದಳು. ಮಧ್ಯಾಹ್ನ ಒಂದು ದಿನ ಬೇಗ ಬಂದಾಗ ಮುಚ್ಚಿದ ಬಾಗಿಲ ಹಿಂದೆ ಅಪ್ಪ ನಗುವುದು ಕೇಳಿಸಿತು, ಅವಳೂ ನಗುತ್ತಿದ್ದಳು. ಅಪ್ಪ ನಕ್ಕದ್ದನ್ನು ಅವನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಬಾಗಿಲು ತೆಗೆಯಲಿಲ್ಲ, ಏನೆಂದು ಕೇಳಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಒಂದು ಸುತ್ತು ಹಾಕಿ ಬಂದ.

ಅವಳು ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ನಿಂತು ಕಿಟಕಿಯ ಗಾಜು ಒರೆಸುತ್ತಿದ್ದಳು. ಅವನ ಕೈಯ ಬುತ್ತಿ ನೋಡಿ ಇಳಿದಳು.

‘ಯಾಕ್ರೀ, ಹುಷಾರಿಲ್ವಾ?’

ಅವನು ಜೇಬಿನಿಂದ ಚೀಟಿ ತೆಗೆದು ಅವಳ ಮುಂದೆ ಹಿಡಿದ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ತುದಿಬೆರಳಲ್ಲಿ ಹಿಡಿದು, ತುಟಿ ಅಲ್ಲಾಡಿಸುತ್ತಾ ಓದಿದಳು. ಅವಳ ಮುಖ ಬೆಳ್ಳಗಾಗುತ್ತದೆ ಎಂದು ಅವನು ಕಾದ. ಅವಳ ಮುಖ ಕೆಂಪಾಯಿತು, ಆದರೆ ಅವನು ಎಣಿಸಿದ ಬಗೆಯಲ್ಲಲ್ಲ. ಮದುವೆಯ ಫೋಟೋದಲ್ಲಿ ತನ್ನನ್ನು ತಾನು ನೋಡಿಕೊಂಡ ಹೆಣ್ಣಿನ ಹಾಗೆ.

‘ನಾನ್ ಅಂದಿದ್ದನ್ನ ಹಂಗಂಗೇ ಬರ್ದಿದಾಳಲ್ರೀ’ ಎಂದಳು.

‘ಅಂದ್ರೆ ಅಂದಿದ್ದು ಹೌದು.’

‘ಹೌದು. ಅವಳು ಕೇಳಿದ್ಲು, ನಿಮ್ಮನೇಲಿ ನೀವು ಬೈಯೋದು ಹೇಗೆ ಅಂತ. ನಾನು ಬೈಯಲ್ಲಮ್ಮ ಅಂದೆ. ಜೋರಾಗ್ ಬೈಯ್ದೇ ಇದ್ರೂ ಮನಸ್ನಲ್ಲಿ ಅನ್ಕೊಳ್ತೀರಲ್ಲ, ಅದನ್ನೇ ಹೇಳಿ, ಹೆಸ್ರು ಬರ್ಯಲ್ಲ ಅಂದ್ಲು. ಹೇಳ್ದೆ.’

‘ಇಂಥ ಮಾತು ನೀನು ಕಲ್ತಿದ್ದೆಲ್ಲಿ?’

ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಹೇಳಬೇಕೋ ಬೇಡವೋ ಎಂದು ತೂಗಿದಂತಿತ್ತು.

‘ನಿಮ್ಮಪ್ಪನ ಹತ್ರ’ ಎಂದಳು. ‘ತೊಳಿಯೋಕೆ ಹೋದ ಮೊದಲ್ನೇ ದಿನ ಅವರಿಗೂ ಪ್ರಾಣಸಂಕಟ, ನನಗೂ ಪ್ರಾಣಸಂಕಟ. ಕಣ್ ಮುಚ್ಕೊಂಡು ಮಲಗಿದ್ರು, ಕಣ್ಣಲ್ಲಿ ನೀರು. ಆಮೇಲೆ ಅವರೇ ಅಂದ್ರು. ಬಿಡಮ್ಮ, ಇಷ್ಟೊಂದು ಯಾಕೆ ಹೆದರ್ಕೊಳ್ತೀಯ, ಇದೊಂದು ತುಣ್ಣೆ ಅಷ್ಟೇ, ಜೀವಮಾನ ಎಲ್ಲಾ ಊರವರದು ಅಳತೆ ತಗೊಂಡೆ, ಕೊನೆಗೆ ನಂದು ನೀನು ನೋಡ್ಕೊಳ್ಳೋ ಹಾಗಾಯ್ತು, ಅಂತ. ನಂಗೆ ನಗು ತಡ್ಯಕ್ಕಾಗ್ಲಿಲ್ಲ. ಅವರೂ ನಕ್ರು. ಆಮೇಲೆ ಏಳು ತಿಂಗ್ಳು ಇಬ್ರಿಗೂ ಕಷ್ಟ ಆಗ್ಲಿಲ್ಲ.’

ಅವನಿಗೆ ಕೂರಬೇಕೆನಿಸಿತು. ಸ್ಟೂಲಿನ ಮೇಲೆ ನೀರಿತ್ತು.

‘ನಿಮ್ಮನ್ನೂ ಹಂಗೇ ಅಂತಿದ್ರು’ ಎಂದಳು ಅವಳು. ‘ಸಂಜೆ ಗಡಿಯಾರ ನೋಡ್ಕೊಂಡು, ಎಲ್ಲೋದ್ನಮ್ಮ ಆ ತುಣ್ಣೆ, ಇನ್ನೂ ಬರ್ಲಿಲ್ವಾ, ಅಂತ.’

‘ಹೇಗೆ ಅಂತಿದ್ರು? ಬೈಗುಳದ ಥರಾನಾ, ಇಲ್ಲಾ ಸಲಿಗೆಯಿಂದಾನಾ?’ ಕೇಳಿದ ಕ್ಷಣವೇ ಅವನಿಗೆ ನಾಚಿಕೆಯಾಯಿತು. ಅರ್ಥ ಒಂದು, ಅರ್ಥ ಎರಡು.

‘ಅದೆಲ್ಲ ನಂಗೇನ್ ಗೊತ್ತು. ಎರಡೂ ಇತ್ತು ಅನ್ಸತ್ತೆ. ಮಗ ಒಳಗೆ ಬರ್ತಿರ್ಲಿಲ್ವಲ್ಲ.’ ಅವಳು ಚೀಟಿಯನ್ನು ಅವನ ಕೈಗೆ ವಾಪಸು ಕೊಟ್ಟಳು, ಅಂಚಿನಲ್ಲಿ ಒದ್ದೆಯಾದುದನ್ನು ಊದಿ ಒಣಗಿಸಿ. ಆಮೇಲೆ ಬೇರೆಲ್ಲೋ ನೋಡುತ್ತಾ ಕೇಳಿದಳು: ‘ಇದು ಅಚ್ಚಾಗತ್ತಾ? ಆ ದಪ್ಪ ಪುಸ್ತಕದಲ್ಲಿ, ನಾನಂದಿದ್ದು ಹಾಗೇ ಬರತ್ತಾ?’

‘ಮೂರು ಗಂಟೆಗೆ ಸಮಿತಿ ಇದೆ. ನೋಡೋಣ.’

‘ಅಷ್ಟು ವರ್ಷದಿಂದ ಊರವರ ಮಾತೆಲ್ಲ ಬರ್ಕೊಂಡ್ರಿ. ನನ್ ಮಾತು ಬರ್ಕೊಂಡಿದ್ದು ಅವಳೊಬ್ಳೇ’ ಎಂದು ಅವಳು ಮತ್ತೆ ಸ್ಟೂಲು ಹತ್ತಿದಳು. ಸಿಟ್ಟಿನಿಂದ ಅಂದದ್ದಲ್ಲ. ಗಾಜಿನ ಮೇಲಿನ ಕಲೆಯ ಬಗ್ಗೆ ಹೇಳಿದ ಹಾಗೆ ಹೇಳಿದಳು.

ಸಮಿತಿಯೆಂದರೆ ಉದ್ದ ಮೇಜಿನ ಸುತ್ತ ಆರು ಮಂದಿ ಗಂಡಸರು, ಆರು ಲೋಟ ನೀರು. ಅಧ್ಯಕ್ಷರು ನಿವೃತ್ತ ಪ್ರಾಧ್ಯಾಪಕರು. ಅವರ ಬಲಕ್ಕೆ ನಿವೃತ್ತ ನ್ಯಾಯಾಧೀಶರು, ಎಡಕ್ಕೆ ಅಂಗರಚನೆಯ ಪದಗಳಿಗೆಂದೇ ಕರೆಸಿದ ಒಬ್ಬ ವೈದ್ಯರು. ಉಳಿದ ಇಬ್ಬರು ಯಾವಾಗಲೂ ಅಧ್ಯಕ್ಷರು ಅಂದದ್ದನ್ನೇ ಅನ್ನುವವರು. ಆರನೆಯವನು ಅವನು. ಸಂಗ್ರಾಹಕಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ಚೀಟಿಗಳ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೂವತ್ತನೆಯ ಚೀಟಿಯನ್ನು ಅವನು ಬಂದ ಕೂಡಲೇ ಕಟ್ಟಿಗೆ ವಾಪಸು ಸೇರಿಸಿದ್ದ. ತುಟ್ಟಿ, ತುಡುಗು, ತುಣುಕು ಎಲ್ಲ ಸಲೀಸಾಗಿ ದಾಟಿದವು. ಆಮೇಲೆ ಅಧ್ಯಕ್ಷರು ಪಟ್ಟಿಯ ಮೇಲೆ ಬೆರಳಿಟ್ಟು ಕೆಮ್ಮಿದರು.

‘ಮುಂದಿನ ಪದ... ಈ ಪದ. ನೋಡಿ ತಾಯಿ, ನೀವು ಸ್ವಲ್ಪ ಹೊರಗೆ ಕೂತಿದ್ರೆ ನಮಗೆ ಚರ್ಚೆ ಮಾಡೋಕೆ ಅನುಕೂಲ.’

‘ಇವೆಲ್ಲ ನಾನೇ ಬರ್ಕೊಂಡ್ ಬಂದಿದ್ದು ಸಾರ್’ ಎಂದಳು ಸಂಗ್ರಾಹಕಿ. ಎದ್ದೇಳಲಿಲ್ಲ.

ಅಧ್ಯಕ್ಷರು ನೀರು ಕುಡಿದರು. ಮುಂದಿನ ಇಪ್ಪತ್ತು ನಿಮಿಷ ಆ ಪದವನ್ನು ಯಾರೂ ಉಚ್ಚರಿಸಲಿಲ್ಲ. ‘ಇದು’ ಅಂದರು, ‘ಪ್ರಸ್ತುತ ಪದ’ ಅಂದರು, ನ್ಯಾಯಾಧೀಶರು ಹಳೆಯ ಅಭ್ಯಾಸದಿಂದ ‘ಸದರಿ ಅವಾಚ್ಯ ಶಬ್ದ’ ಅಂದರು. ಅರ್ಥ ಕೊಡುವುದು ಹೇಗೆ? ವೈದ್ಯರು ಶಿಶ್ನ ಎಂದರು. ಪ್ರಾಧ್ಯಾಪಕರಿಗೆ ಅದು ಒರಟೆನಿಸಿತು, ಮೇಢ್ರ ಎಂದರೆ ಹೇಗೆ ಅಂದರು. ಜನನಾಂಗ, ಗುಪ್ತಾಂಗ, ಮರ್ಮಾಂಗ, ಒಂದರ ಹಿಂದೊಂದು ಇಸ್ತ್ರಿ ಮಾಡಿದ ಬಟ್ಟೆ ಹೊರಬಂದವು, ಯಾವುದನ್ನು ತೊಡಿಸಿದರೂ ಒಳಗಿದ್ದದ್ದು ಒಂದೇ. ಅವನು ಅವರ ಮುಖಗಳನ್ನು ಒಂದೊಂದಾಗಿ ನೋಡಿದ. ಇವರಲ್ಲಿ ಯಾರಿಗೂ ಒಂದು ದಿನವೂ ಒಬ್ಬ ದರ್ಜಿ ಮಂಡಿಯೂರಿ ಕೇಳಿಲ್ಲವೆ? ಕೇಳಿದಾಗ ಇವರೆಲ್ಲ ಛಾವಣಿ ನೋಡಿಲ್ಲವೆ? ಕಾರಿನ ಗಾಜು ಇಳಿಸಿ ಎದುರಿನ ಬೈಕಿನವನಿಗೆ ಇದೇ ಪದ ಎಸೆದು ಬಂದು ಇಲ್ಲಿ ಮೇಢ್ರ ಎನ್ನುತ್ತಿದ್ದಾರೆ. ಅವನಿಗೆ ಅವರ ಮೇಲೆ ಉಕ್ಕಿದ ಹೇಸಿಗೆ ಎಷ್ಟು ಹಿತವಾಗಿತ್ತೆಂದರೆ, ಸೂಚನಾ ಫಲಕ ಓದುತ್ತಾ ನಿಂತವನು ತಾನು ಎಂಬುದು ಅಷ್ಟು ಹೊತ್ತು ಮರೆತೇ ಹೋಗಿತ್ತು.

‘ಇನ್ನು ಇದೊಂದಿದೆಯಲ್ಲ’ ಎಂದು ಅಧ್ಯಕ್ಷರು ಮೂವತ್ತನೆಯ ಚೀಟಿಯನ್ನು ದೂರ ಹಿಡಿದು ನೋಡಿದರು. ‘ಸ್ತ್ರೀ, ಗೃಹಿಣಿ. ಇದನ್ನ ನಂಬೋಕಾಗಲ್ಲ. ಹೆಂಗಸರ ಮಾತಿನಲ್ಲಿ ಈ ಪದ ಇಲ್ಲ.’

‘ಇದೆ ಸಾರ್. ನಾನೇ ಕೇಳಿದೀನಿ’ ಎಂದಳು ಸಂಗ್ರಾಹಕಿ.

‘ಯಾವ ಮನೆ ಹೆಂಗಸು? ಗಂಡನ್ನ ಹೀಗನ್ನೋಳು?’

‘ಇನ್ನು ಆ ಗಂಡ ಎಂಥವನಿರ್ಬೇಕು’ ಎಂದರು ನ್ಯಾಯಾಧೀಶರು. ಮೇಜಿನ ಸುತ್ತ ನಗೆ ಹರಿಯಿತು. ‘ಉಪ್ಪಿನ ಡಬ್ಬಿಗೆ ಚೀಟಿ ಅಂಟಿಸ್ತಾನಂತೆ.’ ಅವನೂ ನಕ್ಕ. ನಕ್ಕ ಮೇಲೆ ಬಾಯಿ ಹಾಗೇ ಉಳಿಯಿತು.

‘ಯಾರು ಅಂದಿದ್ದು ಅಂತ ಹೇಳಿ, ನಮೂದಿಸ್ಕೊಳ್ಳೋಣ’ ಎಂದರು ಅಧ್ಯಕ್ಷರು.

‘ಹೇಳಕ್ಕಾಗಲ್ಲ ಸಾರ್. ಮಾತು ಕೊಟ್ಟಿದೀನಿ.’

‘ಹಾಗಾದ್ರೆ ಕಟ್ಟಿದ್ದು ಅಂತ ತಿಳ್ಕೋಬೇಕಾಗತ್ತೆ. ಒಂದು ಕಟ್ಟಿದ್ದು ಅಂದ್ರೆ ಉಳಿದ ಚೀಟಿಗಳ ಮೇಲೂ ಅನುಮಾನ ಬರತ್ತೆ. ನಿಮ್ಮ ಗುತ್ತಿಗೆಯ ವಿಷಯ ಬೇರೆ ಮುಂದಿನ ವಾರ ನಮ್ಮ ಮುಂದಿದೆ.’ ಮೃದುವಾಗಿಯೇ ಹೇಳಿದರು. ಸಂಗ್ರಾಹಕಿ ಪೆಟ್ಟಿಗೆಯ ಮುಚ್ಚಳದ ಮೇಲೆ ಎರಡೂ ಅಂಗೈ ಊರಿ ಕೂತಳು. ಹೇಳುವವಳಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ಆಗ ಅವನು ಎದ್ದು ನಿಂತ. ಯಾಕೆ ನಿಂತೆ ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡರೂ ಒಂದೇ ಉತ್ತರ ಸಿಗಲಿಲ್ಲ. ಆ ಹುಡುಗಿಗೋಸ್ಕರ ಎಂದುಕೊಂಡ. ಅಪ್ಪನಿಗೋಸ್ಕರ ಎಂದುಕೊಂಡ. ಇಷ್ಟು ಹೇಡಿಗಳ ನಡುವೆ ತಾನೊಬ್ಬನಾದರೂ ಹೇಡಿಯಲ್ಲ ಅನ್ನಿಸಿಕೊಳ್ಳುವ ಚಪಲ ಎಂಬುದೂ ಹೊಳೆಯಿತು, ಆದರೆ ತಡವಾಗಿ.

‘ಕಟ್ಟಿದ್ದಲ್ಲ’ ಎಂದ. ‘ಆ ಡಬ್ಬಿಗಳು ನಮ್ಮನೇವು. ಚೀಟಿ ಬರ್ದಿದ್ದು ನಾನು. ಅಂದಿದ್ದು ನನ್ನ ಹೆಂಡ್ತಿ. ತುಣ್ಣೆ ಅಂತ ಅಂದಿದ್ದು ನನ್ನನ್ನ.’

ಪದ ಮೇಜಿನ ಮೇಲೆ ಬಿತ್ತು. ಯಾರೂ ಯಾರನ್ನೂ ನೋಡಲಿಲ್ಲ. ವೈದ್ಯರು ತಮ್ಮ ನೀರಿನ ಲೋಟವನ್ನು ಅರ್ಧ ಸುತ್ತು ತಿರುಗಿಸಿಟ್ಟರು. ಒಂದು ಕ್ಷಣ ಅವನಿಗೆ ಎದೆ ಹಗುರಾದ ಹಾಗಾಯಿತು. ಬಯಲಿನ ಹುಡುಗರ ಮಧ್ಯೆ ನಿಂತು ಹೌದು ನಮ್ಮಪ್ಪ ತುಣ್ಣೆ ಟೈಲರೇ, ಏನೀಗ, ಎಂದು ಕೊನೆಗೂ ಅಂದ ಹಾಗೆ. ಅಧ್ಯಕ್ಷರು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

‘ಕೂತ್ಕೊಳ್ಳಿ, ಕೂತ್ಕೊಳ್ಳಿ. ಎಲ್ಲರ ಮನೇಲೂ ಇದ್ದದ್ದೇ. ನಮಗೆ ಗೊತ್ತಿದ್ರೆ ಓದ್ತಾನೇ ಇರ್ಲಿಲ್ಲ.’ ಆಮೇಲೆ ಉಳಿದವರ ಕಡೆ ತಿರುಗಿ, ‘ಸಹೋದ್ಯೋಗಿಯ ಮನೆಯ ವಿಷಯ. ಅವರ ಮರ್ಯಾದೆಗಾಗಿ ಈ ಚೀಟಿಯನ್ನ ಕೈಬಿಡೋಣ. ಸಂಗ್ರಾಹಕಿಯವರ ಪ್ರಾಮಾಣಿಕತೆ ಪ್ರಶ್ನಾತೀತ ಅಂತ ದಾಖಲಾಗಲಿ.’ ಎಲ್ಲರೂ ಒಪ್ಪಿದರು. ಅವನು ಬಾಯಿ ತೆರೆದ. ‘ಇಲ್ಲ, ಅದು ಇರ್ಲಿ’ ಎಂದ. ಅದು ಸೌಜನ್ಯದ ಮಾತೆಂದು ತಿಳಿದು ಅವರು ಇನ್ನಷ್ಟು ಮೃದುವಾದರು. ನಮೂದು ಸಿದ್ಧವಾಯಿತು. ಪುರುಷನ ಜನನಾಂಗ; (ಬೈಗುಳ) ಕೆಲಸಕ್ಕೆ ಬಾರದವನು; ಪುರುಷರ ಮಾತಿನಲ್ಲಿ ಮಾತ್ರ. ಅಧ್ಯಕ್ಷರು ತಮ್ಮ ಕೈಯಾರೆ ಮೂವತ್ತನೆಯ ಚೀಟಿಯನ್ನು ನಾಲ್ಕಾಗಿ ಹರಿದು ಕಸದ ಬುಟ್ಟಿಗೆ ಹಾಕಿದರು, ಉಪಕಾರ ಮಾಡುವವರ ಎಚ್ಚರಿಕೆಯಿಂದ. ತುಣ್ಣೆ ಆದಮೇಲೆ ತುತ್ತು. ತುತ್ತು ಆದಮೇಲೆ ತುತ್ತೂರಿ.

ಮೆಟ್ಟಿಲಿಳಿಯುವಾಗ ಸಂಗ್ರಾಹಕಿ ಮುಂದಿದ್ದಳು. ಥ್ಯಾಂಕ್ಸ್ ಅನ್ನುತ್ತಾಳೆಂದು ಅವನು ಹೆಜ್ಜೆ ನಿಧಾನಿಸಿದ.

‘ನಾನು ತಡ್ಕೊಂಡಿದ್ದೆ ಸಾರ್’ ಎಂದಳು ಅವಳು, ತಿರುಗದೆ. ‘ಕೆಲಸ ಹೋದ್ರೆ ಹೋಗ್ಲಿ ಅಂತ ಕೂತಿದ್ದೆ. ನೀವ್ಯಾಕೆ ಬಾಯ್ಬಿಟ್ರಿ?’

‘ನಿನ್ನ ಸುಳ್ಳುಗಾತಿ ಅಂತಿದ್ರಲ್ಲಮ್ಮ.’

‘ಅನ್ಲಿ. ಅದು ನನಗೆ ಅಂದಿದ್ದು. ನೀವು ಹೇಳಿದ್ದು ಅವರ ವಿಷಯ.’ ಪೆಟ್ಟಿಗೆಯನ್ನು ಸೊಂಟದ ಮೇಲೆ ಸರಿಮಾಡಿಕೊಂಡು ಅವಳು ಸರಸರನೆ ಇಳಿದುಹೋದಳು. ಅವನು ಮೆಟ್ಟಿಲ ಮೇಲೆ ನಿಂತು, ಉಪಕಾರ ಗೊತ್ತಿಲ್ಲದ ಜಾತಿ ಎಂದುಕೊಂಡ. ಎರಡು ಮೆಟ್ಟಿಲು ಇಳಿದ ಮೇಲೆ ಆ ಮಾತು ಅವನಿಗೇ ಒಪ್ಪಿಗೆಯಾಗಲಿಲ್ಲ.

ಮನೆಯ ಬಾಗಿಲು ತೆರೆದೇ ಇತ್ತು. ಅವಳು ಜಡೆ ಹೊಸದಾಗಿ ಹೆಣೆದುಕೊಂಡು ಮುಂದಿನ ಕೋಣೆಯಲ್ಲಿ ಕೂತಿದ್ದಳು. ಅವನು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

‘ಏನಾಯ್ತ್ರೀ?’

ಅವನು ಎಲ್ಲ ಹೇಳಿದ. ತನ್ನ ಪಾತ್ರ ಬಂದಾಗ ಧ್ವನಿ ತುಸು ಏರಿತು. ಅಷ್ಟು ಮಂದಿ ಎದುರು ಎದ್ದು ನಿಂತದ್ದು, ಯಾರೂ ಅನ್ನದಿದ್ದ ಪದವನ್ನು ಬಾಯಿ ತುಂಬ ಅಂದದ್ದು, ಆಮೇಲೆ ಅವರ ಮುಖಗಳು. ಅವಳು ಅಡ್ಡ ಬರದೆ ಕೇಳಿದಳು. ಅವನು ನಿಲ್ಲಿಸಿದಾಗ ಕೇಳಿದಳು: ‘ಅಂದಿದ್ದು ನಾನು ಅಂತ ಅವರಿಗೆ ಹೇಳಿದ್ರಾ?’

‘ಹೂಂ. ಇಲ್ದಿದ್ರೆ ಆ ಹುಡುಗಿ...’

‘ನನ್ನನ್ನ ಒಂದು ಮಾತೂ ಕೇಳ್ದೆ?’

ಅವನು ಬಗ್ಗಿ ಚಪ್ಪಲಿ ಬಿಟ್ಟ. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

‘ಅವಳು ಹೆಸ್ರು ಬಿಟ್ಟು ಮಾತು ಬರ್ಕೊಂಡ್ಲು’ ಎಂದಳು ಹೆಂಡತಿ. ‘ನೀವು ಹೆಸ್ರು ಕೊಟ್ಟು ಮಾತು ಕಳ್ಕೊಂಡು ಬಂದ್ರಿ.’

ಅವನು ತಲೆ ತಗ್ಗಿಸಿ ಕಾದ. ಈಗ ಅನ್ನುತ್ತಾಳೆ, ಮುಖಕ್ಕೇ ಅನ್ನುತ್ತಾಳೆ, ಅನ್ನಲಿ. ಅಂದರೆ ಅಲ್ಲಿಗೆ ಮುಗಿಯುತ್ತದೆ. ಅವಳು ಅನ್ನಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡು, ‘ಚಹಾ ಒಲೆ ಮೇಲಿದೆ, ಬಿಸಿ ಮಾಡ್ಕೊಳ್ಳಿ’ ಎಂದು ಹೇಳಿ, ಪಕ್ಕದ ಮನೆಯ ಅಕ್ಕನ ಹತ್ತಿರ ಹೋದಳು. ಅವನು ಒಲೆ ಹಚ್ಚಲಿಲ್ಲ. ಮುಂದಿನ ಕೋಣೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ತೆಳ್ಳನೆಯದು. ಕುರ್ಚಿ ಎಳೆದ ಸದ್ದು ಕೇಳಿಸಿತು, ಆಮೇಲೆ ಹೆಂಡತಿಯ ದನಿ, ಏರಿಳಿತ ಮಾತ್ರ, ಅದರ ಹಿಂದೆಯೇ ಇಬ್ಬರು ಹೆಂಗಸರ ನಗು, ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಶುರುಮಾಡುವಂಥದ್ದು. ಅವನು ಹತ್ತಿರ ಹೋಗಿ ಕಿವಿಯನ್ನು ಗೋಡೆಗೆ ಒತ್ತಿದ. ಸುಣ್ಣ ತಣ್ಣಗಿತ್ತು. ಅಕ್ಕ ಏನೋ ಕೇಳಿದಳು, ಹೆಂಡತಿ ಒಂದೇ ಪದದಲ್ಲಿ ಉತ್ತರ ಕೊಟ್ಟಳು, ಮತ್ತೆ ನಗು. ಯಾವ ಪದವೆಂದು ಅವನಿಗೆ ಕೇಳಿಸಲಿಲ್ಲ.